ಬಡವರ ಮನೆಯ ಮೆಟ್ಟಿಲು ಹತ್ತಿದ ವಿದ್ಯಾರ್ಥಿ: ಪುನೀತ ಫ್ರೆಡ್ರಿಕ್ ಓಜನಾಮ್

ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇರುವುದು ನಿಮಗೆ ಗೊತ್ತು. ವಾರಕ್ಕೊಮ್ಮೆ ಹತ್ತಾರು ಜನ ಒಂದೆಡೆ ಸೇರುತ್ತಾರೆ. ಪ್ರಾರ್ಥಿಸುತ್ತಾರೆ, ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಕಾಣಿಕೆ ಎತ್ತುತ್ತಾರೆ, ಯಾವ ಮನೆಯಲ್ಲಿ ಅಕ್ಕಿಗೆ ತಾಪತ್ರಯ, ಯಾವ ಮನೆಯ ಮಗುವಿಗೆ ಶಾಲೆಯ ಫೀಸು ಕಟ್ಟಬೇಕಾಗಿದೆ ಎಂದು ವಿಚಾರಿಸುತ್ತಾರೆ. ಅವರಲ್ಲಿ ಅನೇಕರು ತಲೆ ನರೆತವರಾಗಿರುವುದರಿಂದ ಇದು ಹಿರಿಯರ ಸಂಘವೆಂಬ ಭಾವನೆ ನಮ್ಮ ಯುವಕ ಯುವತಿಯರಲ್ಲಿ ಬೇರೂರಿದೆ. ಆದರೆ ಈ ಸಭೆಯನ್ನು ಕಟ್ಟಿದವರು ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಪ್ರಮುಖರಾದ ಫ್ರೆಡ್ರಿಕ್ ಓಜನಾಮ್ ಅವರಿಗೆ ಸಭೆಯ ಮೊದಲ ಕೂಟ ನಡೆದ ದಿನವೇ ಇಪ್ಪತ್ತು ವರ್ಷ ತುಂಬಿತ್ತು.

ಫ್ರೆಡ್ರಿಕ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ತಂದೆ ತಾಯಿ ಫ್ರಾನ್ಸ್ ದೇಶದವರು. ತಂದೆ ಒಂದು ಕಾಲದಲ್ಲಿ ಸೈನಿಕರಾಗಿದ್ದು ಬಳಿಕ ವೈದ್ಯರಾದವರು. 1816ರಲ್ಲಿ ಕುಟುಂಬ ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ಹದಿನಾಲ್ಕು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ಬದುಕಿ ಬೆಳೆದು ದೊಡ್ಡವರಾದವರು ಮೂವರು ಗಂಡುಮಕ್ಕಳು ಮಾತ್ರ. ಸಾವು ನೋವು ಕಂಡ ಮನೆಯಾದರೂ ಕೈ ಬಿಗಿಹಿಡಿದ ಮನೆಯಾಗಿರಲಿಲ್ಲ. ತಂದೆ ಅನೇಕ ಬಡ ರೋಗಿಗಳಿಗೆ ಹಣ ಪಡೆಯದೆ ಚಿಕಿತ್ಸೆ ಮಾಡುತ್ತಿದ್ದರು. ತಾಯಿಯೂ ಬಡವರ ಮನೆಗಳಿಗೆ ಹೋಗಿ ಆರೈಕೆ ಮಾಡುತ್ತಿದ್ದರು. ವಯಸ್ಸಾದ ಮೇಲೆ, ಇನ್ನು ನಾಲ್ಕನೇ ಮಹಡಿಗಿಂತ ಮೇಲೆ ಹತ್ತಬಾರದೆಂದು ಗಂಡ ಹೆಂಡತಿ ಪರಸ್ಪರ ಮಾತು ಕೊಟ್ಟುಕೊಂಡಿದ್ದರಂತೆ. ಆದರೆ ಇಬ್ಬರೂ ಗುಟ್ಟಾಗಿ ಮಾತು ಮುರಿದು, ಕೊನೆಗೆ ಒಂದು ದಿನ ಎತ್ತರದ ಮಹಡಿಯೊಂದರಲ್ಲಿ ಒಬ್ಬರಿಗೊಬ್ಬರು ಸಿಕ್ಕಿಬಿದ್ದರೆಂದು ಕುಟುಂಬದವರು ನೆನೆಯುತ್ತಿದ್ದರು. ಅಂದಿನ ನಗರಗಳಲ್ಲಿ ಮೇಲಿನ ಮಹಡಿಗಳ ಇಕ್ಕಟ್ಟಾದ ಕೋಣೆಗಳೇ ಬಡವರ ವಾಸಸ್ಥಾನ. ಹೀಗೆ ಮೆಟ್ಟಿಲು ಹತ್ತುವ ಪಾಠ ಫ್ರೆಡ್ರಿಕ್‌ಗೆ ಮನೆಯಲ್ಲೇ ಆಗಿತ್ತು.

ಸಂಶಯದ ದಿನಗಳು

ಸಂತರ ಜೀವನವೆಂದರೆ ಹುಟ್ಟಿನಿಂದಲೇ ಅಚಲ ವಿಶ್ವಾಸ ಎಂದು ನೀವು ಭಾವಿಸಿದ್ದರೆ, ಇಲ್ಲಿ ತುಸು ನಿಲ್ಲಿ. ಹದಿನೈದು ಹದಿನಾರರ ವಯಸ್ಸಿನಲ್ಲಿ ಫ್ರೆಡ್ರಿಕ್ ಅವರ ವಿಶ್ವಾಸ ಅಲುಗಾಡಿತು. ಸುತ್ತ ಕೇಳಿಬರುತ್ತಿದ್ದ ನಾಸ್ತಿಕವಾದದ ಮಾತುಗಳು ಅವರ ಮನಸ್ಸನ್ನು ಹಗಲಿರುಳು ಕಾಡಿದವು. ಬೆಳಕು ಸಿಕ್ಕರೆ ತನ್ನ ಬದುಕನ್ನೇ ಸತ್ಯದ ಸೇವೆಗೆ ಮುಡಿಪಾಗಿಡುತ್ತೇನೆಂದು ಅವರು ದೇವರಿಗೆ ಹರಕೆ ಹೊತ್ತರು. ಆ ಸಮಯದಲ್ಲಿ ಅವರ ಕೈಹಿಡಿದವರು ತತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಗುರುಗಳಾದ ನುವಾರೋ. ಅವರು ಹುಡುಗನನ್ನು ಗದರಿಸಲಿಲ್ಲ, ಅವನ ಪ್ರಶ್ನೆಗಳನ್ನು ಪಾಪವೆಂದು ತಳ್ಳಿಹಾಕಲೂ ಇಲ್ಲ. ಊರ ಸುತ್ತ ಕಾಲ್ನಡಿಗೆಯಲ್ಲಿ ಜೊತೆಗೆ ಕರೆದೊಯ್ದು, ತಾಳ್ಮೆಯಿಂದ ಕೇಳಿ, ಒಂದೊಂದಾಗಿ ಚರ್ಚಿಸಿದರು. ನಿಧಾನವಾಗಿ ಮೋಡ ಸರಿಯಿತು. ಸಂಶಯದ ನೋವನ್ನು ತಾವೇ ಉಂಡದ್ದರಿಂದ, ಮುಂದೆ ಸಂಶಯಪಡುವವರನ್ನು ಕಂಡಾಗ ಓಜನಾಮ್ ಸಿಟ್ಟಾಗದೆ ಮರುಗುತ್ತಿದ್ದರು.

1831ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಕಾನೂನು ಓದಲು ಅವರು ಪ್ಯಾರಿಸ್ಸಿಗೆ ಬಂದರು. ಕಾನೂನು ಅವರ ಆಯ್ಕೆಯಲ್ಲ, ತಂದೆಯ ಆಸೆ. ಅವರ ಮನಸ್ಸೆಲ್ಲ ಸಾಹಿತ್ಯ ಮತ್ತು ಇತಿಹಾಸದ ಕಡೆಗಿತ್ತು. ದೊಡ್ಡ ನಗರದಲ್ಲಿ ಒಂಟಿತನ ಅವರನ್ನು ಬಾಧಿಸಿತು. ಅದೃಷ್ಟವಶಾತ್ ಲಿಯೋನಿನವರೇ ಆದ ಮಹಾ ವಿಜ್ಞಾನಿ ಆಂಪಿಯರ್ ತಮ್ಮ ಮನೆಯಲ್ಲೇ ಅವರಿಗೆ ಆಶ್ರಯ ಕೊಟ್ಟರು. ವಿದ್ಯುತ್ತನ್ನು ಅಳೆಯುವಾಗ ನಾವು ಇಂದಿಗೂ ಬಳಸುವುದು ಇವರದೇ ಹೆಸರನ್ನು. ಇಂತಹ ಮೇಧಾವಿ ಇಗರ್ಜಿಯ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ಓಜನಾಮ್ ಕಂಡರಂತೆ. ವಿಜ್ಞಾನ ಮತ್ತು ವಿಶ್ವಾಸ ಒಂದೇ ಹೃದಯದಲ್ಲಿ ನೆಲೆಸಬಲ್ಲವು ಎಂಬುದಕ್ಕೆ ಆ ಯುವಕನಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಮೈಮುಟ್ಟಿದ ಪ್ರಶ್ನೆ

ವಿಶ್ವವಿದ್ಯಾನಿಲಯದಲ್ಲಿ ಕೆಲವು ಪ್ರಾಧ್ಯಾಪಕರು ಕ್ರೈಸ್ತ ಧರ್ಮದ ಕಾಲ ಮುಗಿಯಿತೆಂದು ಬೋಧಿಸುತ್ತಿದ್ದರು. ಓಜನಾಮ್ ಮತ್ತು ಗೆಳೆಯರು ಲಿಖಿತ ಆಕ್ಷೇಪಣೆ ಸಲ್ಲಿಸಿ ಅವರಿಗೆ ಉತ್ತರ ಕೊಟ್ಟರು. ಎಮ್ಮಾನುವೆಲ್ ಬಾಯಿ ಎಂಬ ಪತ್ರಿಕೋದ್ಯಮಿ ನಡೆಸುತ್ತಿದ್ದ ಚರ್ಚಾಕೂಟದಲ್ಲಿ ವಿಶ್ವಾಸಿಗಳೂ ಅವಿಶ್ವಾಸಿಗಳೂ ಸೇರಿ ವಾದಿಸುತ್ತಿದ್ದರು. ಅಲ್ಲಿ ಓಜನಾಮ್ ಹೆಸರು ಗಳಿಸಿದರು. ವಾದದಲ್ಲಿ ಗೆದ್ದರೆ ಧರ್ಮಕ್ಕೆ ಗೆಲುವು ಎಂದು ಅವರೂ ನಂಬಿದ್ದರು.

ಆಗ ಎದುರಾಳಿಗಳ ಕಡೆಯಿಂದ ಒಂದು ಸವಾಲು ಬಂತು. ಹಿಂದಿನ ಕಾಲದಲ್ಲಿ ನಿಮ್ಮ ಧರ್ಮ ದೊಡ್ಡ ಕೆಲಸಗಳನ್ನು ಮಾಡಿರಬಹುದು, ಆದರೆ ಇಂದು ಬಡವರಿಗಾಗಿ ನೀವು ಮಾಡುತ್ತಿರುವುದಾದರೂ ಏನು ಎಂಬುದು ಅದರ ಸಾರ. ಹಿಂದಿನ ವರ್ಷವಷ್ಟೇ, 1832ರಲ್ಲಿ, ಕಾಲರಾ ರೋಗ ಪ್ಯಾರಿಸ್ಸಿನಲ್ಲಿ ಸುಮಾರು 18,000 ಜನರನ್ನು ಬಲಿ ತೆಗೆದುಕೊಂಡಿತ್ತು. ಕೆಲಸವಿಲ್ಲದವರು, ಅನಾಥರು, ವಿಧವೆಯರು ಕಾಲೇಜಿನಿಂದ ಕೂಗಳತೆಯಲ್ಲೇ ಇದ್ದರು. ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಬೇರೆಯವರಾಗಿದ್ದರೆ ಅವಮಾನವೆಂದು ಕೋಪಗೊಳ್ಳುತ್ತಿದ್ದರೋ ಏನೋ. ಓಜನಾಮ್ ಮಾತ್ರ ಎದುರಾಳಿಯ ಮಾತಿನಲ್ಲಿದ್ದ ಸತ್ಯವನ್ನು ಒಪ್ಪಿಕೊಂಡರು. ಓದುಗರೇ, ಅವರ ನಿಜವಾದ ಬೆಳವಣಿಗೆ ಆರಂಭವಾದದ್ದು ಈ ಒಪ್ಪಿಗೆಯಿಂದ.

1833ರ ಏಪ್ರಿಲ್ 23ರ ಸಂಜೆ ಬಾಯಿಯವರ ಪತ್ರಿಕಾ ಕಚೇರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಸೇರಿದರು: ಓಜನಾಮ್, ಲಾಲಿಯೆ, ಲಾಮಾಶ್, ಲೆ ತಾಯಾಂದಿಯೆ, ದೆವೊ ಮತ್ತು ಕ್ಲಾವೆ. ವಯಸ್ಸಿನಲ್ಲಿ ಹಿರಿಯರಾದ ಬಾಯಿಯವರನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು. ಉತ್ಸಾಹವೇನೋ ಇತ್ತು, ಬಡವರ ಮನೆಗಳ ಪರಿಚಯವಿರಲಿಲ್ಲ. ಅದಕ್ಕಾಗಿ ಮುಫ್ತಾರ್ ಎಂಬ ಬಡ ಬಡಾವಣೆಯಲ್ಲಿ ವರ್ಷಗಳಿಂದ ಸೇವೆ ಮಾಡುತ್ತಿದ್ದ ಧರ್ಮಭಗಿನಿ ರೋಜಲಿ ರಾಂದ್ಯು ಅವರ ನೆರವು ಕೇಳಿದರು. ಆಕೆ ಭೇಟಿ ನೀಡಬೇಕಾದ ಕುಟುಂಬಗಳನ್ನು ತೋರಿಸಿಕೊಟ್ಟರು, ರೊಟ್ಟಿಯ ಚೀಟಿಗಳನ್ನು ಕೊಟ್ಟರು, ಬಡವರೊಡನೆ ಹೇಗೆ ಮಾತಾಡಬೇಕು ಎಂಬುದನ್ನೂ ಕಲಿಸಿದರು. ಅರ್ಧಂಬರ್ಧ ತಿಳಿದವರು ಬಲ್ಲವರ ಬಳಿ ಹೋಗಿ ಕಲಿಯುವ ಈ ವಿನಯವೇ ಆ ಪುಟ್ಟ ಗುಂಪನ್ನು ಉಳಿಸಿತು.

ಓಜನಾಮ್ ಅವರ ಪಾಲಿಗೆ ಬಂದ ಮೊದಲ ಕುಟುಂಬದ ಕಥೆ ಕೇಳಿ. ಕುಡುಕ ಗಂಡ, ದುಡಿದು ಬಸವಳಿದ ಹೆಂಡತಿ, ಹಸಿದ ಮಕ್ಕಳು. ತಾಯಿ ಗಳಿಸಿದ್ದೆಲ್ಲ ಅವನ ಕುಡಿತಕ್ಕೆ ಹೋಗುತ್ತಿತ್ತು. ರೊಟ್ಟಿಯ ಚೀಟಿ ಕೊಟ್ಟು ಬಂದರೆ ಸಮಸ್ಯೆ ತೀರದೆಂದು ಓಜನಾಮ್ ಕಂಡುಕೊಂಡರು. ಕಾನೂನು ವಿದ್ಯಾರ್ಥಿಯಾಗಿ ವಿಚಾರಿಸಿ ನೋಡಿದಾಗ ಅವರ ಮದುವೆಯೇ ಕಾನೂನುಬದ್ಧವಾಗಿ ಆಗಿರಲಿಲ್ಲವೆಂದು ತಿಳಿಯಿತು. ಆಕೆಗೆ ಬಿಡುಗಡೆ ದೊರಕಿಸಿ, ಸ್ನೇಹಿತರಿಂದ ಹಣ ಕೂಡಿಸಿ, ಚಿಕ್ಕ ಮಕ್ಕಳೊಂದಿಗೆ ಆಕೆಯನ್ನು ತವರಾದ ಬ್ರಿಟನಿಗೆ ಕಳಿಸಿಕೊಟ್ಟರು. ದೊಡ್ಡ ಹುಡುಗರಿಬ್ಬರಿಗೆ ಬಾಯಿಯವರ ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ಮನಸ್ಸಿಲ್ಲದೆ ಓದುತ್ತಿದ್ದ ಕಾನೂನು ಒಬ್ಬ ತಾಯಿಯ ಬದುಕನ್ನು ಹಸನುಗೊಳಿಸಿತು. ನಮಗೆ ಬೇಡವೆನಿಸಿದ ವಿದ್ಯೆಯೂ ದೇವರ ಕೈಯಲ್ಲಿ ಯಾರಿಗೋ ವರವಾಗಬಲ್ಲದು!

ನಾಯಕತ್ವದ ಪರೀಕ್ಷೆ

ಗುಂಪು ಬೆಳೆಯತೊಡಗಿತು. 1834ರ ಕೊನೆಯ ಹೊತ್ತಿಗೆ ಸದಸ್ಯರು ನೂರರ ಸಮೀಪ ಬಂದರು. ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಪ್ರತಿಯೊಂದು ಕುಟುಂಬದ ಕಷ್ಟಸುಖ ಮಾತಾಡುವುದು ಅಸಾಧ್ಯವಾಯಿತು. ಗುಂಪನ್ನು ವಿಭಾಗಿಸೋಣವೆಂದು ಓಜನಾಮ್ ಸೂಚಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಮೊದಲಿನ ಆತ್ಮೀಯತೆ ಕಳೆದುಹೋಗುವುದೆಂದು ಕೆಲವರು ಪಟ್ಟುಹಿಡಿದರು. ಆ ಅಂಜಿಕೆ ಸುಳ್ಳೇನಲ್ಲ, ಏಕೆಂದರೆ ಊರು ಬಿಟ್ಟು ಬಂದ ಆ ಹುಡುಗರಿಗೆ ಆ ಕೂಟವೇ ಮನೆಯಾಗಿತ್ತು. ಚರ್ಚೆ ವಾರಗಟ್ಟಲೆ ನಡೆಯಿತು. ಕೊನೆಗೆ 1835ರ ಆರಂಭದಲ್ಲಿ ವಿಭಜನೆ ಆಯಿತು. ಸ್ನೇಹಿತರ ಸುಖಕ್ಕಿಂತ ಬಡವರ ಅಗತ್ಯ ದೊಡ್ಡದೆಂದು ಓಜನಾಮ್ ಕಂಡಿದ್ದರು. ಅಂದು ಒಡೆಯದೆ ಹೋಗಿದ್ದರೆ ಸಭೆ ಪ್ಯಾರಿಸ್ಸಿನ ಗೆಳೆಯರ ಕೂಟವಾಗಿಯೇ ಮುಗಿದುಹೋಗುತ್ತಿತ್ತೇನೋ. ಇಂದು ಅದು ಸುಮಾರು 150 ದೇಶಗಳಲ್ಲಿದೆ.

ಇನ್ನೊಂದು ಮಾತು. ಗೆಳೆಯರೆಲ್ಲ ಓಜನಾಮ್ ಅವರನ್ನೇ ಕಥೋಲಿಕ ಯುವಜನರ ಮುಂದಾಳು ಎಂದು ನೋಡುತ್ತಿದ್ದರು. ಅವರಾದರೋ ತಮ್ಮ ಪತ್ರಗಳಲ್ಲಿ ತಮ್ಮ ಚಂಚಲತೆ, ನಿರ್ಧಾರ ಮಾಡಲಾರದ ಸ್ವಭಾವ, ಅಯೋಗ್ಯತೆಯ ಅಳುಕು ಇವುಗಳನ್ನು ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದಾರೆ. ತನ್ನ ಬಲವನ್ನೂ ಬಲಹೀನತೆಯನ್ನೂ ಅರಿಯುವುದೇ ಆತ್ಮಜ್ಞಾನ. ಅವರು ಜೀವಮಾನವಿಡೀ ಸಭೆಯ ಮಹಾ ಅಧ್ಯಕ್ಷರಾಗಲೇ ಇಲ್ಲ. ಕುರ್ಚಿ ಇಲ್ಲದೆಯೂ ಮುಂದೆ ನಡೆಯುವುದು ಹೇಗೆಂದು ಅವರಿಂದ ಕಲಿಯಬೇಕು.

ಸೇವೆಯ ನೆಪದಲ್ಲಿ ಓದು ಹಾಳಾಯಿತೇ? 1836ರಲ್ಲಿ ಕಾನೂನಿನಲ್ಲಿ, 1839ರಲ್ಲಿ ಸಾಹಿತ್ಯದಲ್ಲಿ ಅವರು ಡಾಕ್ಟರೇಟ್ ಪಡೆದರು. 1841ರಲ್ಲಿ ಅಮೆಲಿ ಎಂಬ ಕನ್ಯೆಯನ್ನು ವಿವಾಹವಾದರು, 1845ರಲ್ಲಿ ಮರಿ ಎಂಬ ಮಗಳು ಹುಟ್ಟಿದಳು. ಒಮ್ಮೆ ಅವಿಶ್ವಾಸದ ಬೋಧನೆ ಕೇಳಿ ನೊಂದಿದ್ದ ಅದೇ ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ 1844ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. 1848ರ ಕ್ರಾಂತಿಯ ಕಾಲದಲ್ಲಿ ಕಾರ್ಮಿಕರ ಸಂಕಟಕ್ಕೆ ಭಿಕ್ಷೆಯಷ್ಟೇ ಸಾಲದು, ನ್ಯಾಯವೂ ಬೇಕೆಂದು ಪತ್ರಿಕೆಯಲ್ಲಿ ಧೈರ್ಯವಾಗಿ ಬರೆದರು. ಅದಕ್ಕಾಗಿ ಅನುಕೂಲಸ್ಥರಾದ ಕಥೋಲಿಕರಿಂದಲೇ ಟೀಕೆಗೆ ಗುರಿಯಾದರು.

ಪ್ರಾಧ್ಯಾಪಕರಾದ ಮೇಲೂ ಅವರು ಬಡವರ ಮೆಟ್ಟಿಲು ಮರೆಯಲಿಲ್ಲ. ಒಂದು ಹೊಸ ವರ್ಷದ ದಿನ, ಪರಿಚಯದ ಬಡ ಕುಟುಂಬವೊಂದು ತಮ್ಮ ಮದುವೆಯ ಕಾಲದ ಬಟ್ಟೆಯ ಬೀರುವನ್ನು ಒತ್ತೆಯಿಟ್ಟಿದೆಯೆಂದು ಅವರಿಗೆ ತಿಳಿಯಿತು. ಬಿಡಿಸಿಕೊಡಬೇಕೆಂದುಕೊಂಡರೂ ಮನೆಯಲ್ಲಿ ಲೆಕ್ಕಾಚಾರದ ಮಾತು ಬಂದು ಸುಮ್ಮನಾದರು. ಸಂಜೆ ಮಗಳಿಗೆ ಬಂದ ಆಟಿಕೆ, ಸಿಹಿತಿಂಡಿಗಳನ್ನು ನೋಡಿದಾಗ ಗಂಟಲು ಕಟ್ಟಿತು, ತಿಂಡಿ ರುಚಿಸಲಿಲ್ಲ. ಆ ಹೊತ್ತಿನಲ್ಲೇ ಹೊರಟು ಬೀರುವನ್ನು ಬಿಡಿಸಿ, ಆ ಮನೆಗೆ ತಲುಪಿಸಿ, ನಗುಮುಖದಿಂದ ಮರಳಿದರು.

ಆರೋಗ್ಯ ಬೇಗನೆ ಕೈಕೊಟ್ಟಿತು. ಇಟಲಿಯಲ್ಲಿ ಹವಾ ಬದಲಾವಣೆಗೆಂದು ಇದ್ದಾಗಲೂ ಅಲ್ಲಿ ಸಭೆಯ ಶಾಖೆಗಳನ್ನು ತೆರೆಯಲು ಶ್ರಮಿಸಿದರು. 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಫ್ರಾನ್ಸಿನ ಮಾರ್ಸೆ ನಗರದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಆಗ ಅವರಿಗೆ ಕೇವಲ ನಲವತ್ತು ವರ್ಷ. 1997ರ ಆಗಸ್ಟ್ 22ರಂದು, ವಿಶ್ವ ಯುವಜನ ದಿನಾಚರಣೆಗೆ ಪ್ಯಾರಿಸ್ಸಿಗೆ ಬಂದಿದ್ದ ಜಗದ್ಗುರು ಎರಡನೇ ಜಾನ್ ಪೌಲರು ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಧರ್ಮಭಗಿನಿ ರೋಜಲಿಯವರೂ 2003ರಲ್ಲಿ ಪುನೀತರೆನಿಸಿದರು.

ಕಾಲೇಜು ಮೆಟ್ಟಿಲು ಹತ್ತುತ್ತಿರುವ ತಮ್ಮಂದಿರೇ, ತಂಗಿಯರೇ, ನೀವು ಯಾರೆಂದು ತಿಳಿಯಬೇಕೆ? ಕನ್ನಡಿಯ ಮುಂದೆ ನಿಂತು ಯೋಚಿಸಿದರೆ ಸಾಲದು. ನಿಮ್ಮ ಬೀದಿಯಲ್ಲೇ ಹಾಸಿಗೆ ಹಿಡಿದ ಒಬ್ಬ ಅಜ್ಜಿಯೋ ತಂದೆ ಇಲ್ಲದ ಒಂದು ಮಗುವೋ ಇರಬಹುದು. ಒಂದೇ ದಿನ ಹೋಗಿ ಸಾಮಾನು ಹಂಚಿ, ಚಿತ್ರ ತೆಗೆಸಿಕೊಂಡು ಬರಬೇಡಿ. ವಾರಕ್ಕೊಮ್ಮೆ ಅದೇ ಮನೆಗೆ ಹೋಗಿ, ಇಬ್ಬರು ಜೊತೆಯಾಗಿ ಹೋಗಿ, ಕುಳಿತು ಕೇಳಿ. ನಿಮ್ಮ ತಾಳ್ಮೆ ಎಷ್ಟು, ಅಹಂಕಾರ ಎಷ್ಟು, ನಿಮ್ಮ ವಿದ್ಯೆ ಯಾರಿಗೆ ಬೇಕಾಗಿದೆ ಎಂಬುದು ಅಲ್ಲಿ ತಾನೇ ತಿಳಿಯುತ್ತದೆ. ತಂದೆತಾಯಂದಿರೇ, ಅಂಕ ಕಡಿಮೆಯಾದೀತೆಂದು ಮಕ್ಕಳನ್ನು ತಡೆಯಬೇಡಿ. ಸಾಧ್ಯವಾದರೆ ಓಜನಾಮ್ ಅವರ ತಂದೆತಾಯಿಯಂತೆ ನೀವೇ ಮೊದಲು ಆ ಮನೆಯ ಬಾಗಿಲು ತಟ್ಟಿ. ಹಸಿದವರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಎಣಿಸುವ ಪ್ರಭು ಆ ಬಾಗಿಲ ಒಳಗೆ ನಿಮಗಾಗಿ ಕಾದಿದ್ದಾರೆ.