ಲಿಂಡ್ಲೆ ಮರ್ರೆಯವರು

ಇಂಗ್ಲೀಷು ಕಲಿಯುವ ನಮ್ಮ ಹುಡುಗಿಯರಿಗೆ ಮೊದಲು ತೊಡಕಾಗುವುದು ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಿಕೆಯೇ. ಈ ನಿಯಮವನ್ನು ಶಾಲೆಶಾಲೆಗೂ ಮುಟ್ಟಿಸಿದವರಲ್ಲಿ ಲಿಂಡ್ಲೆ ಮರ್ರೆಯವರು ಅಗ್ರಗಣ್ಯರು. ಅವರ ವ್ಯಾಕರಣವು ಒಂದು ಹೆಣ್ಣುಮಕ್ಕಳ ಶಾಲೆಗೋಸ್ಕರ ಹುಟ್ಟಿತೆಂಬುದನ್ನು ಅನೇಕರು ಅರಿಯರು.

ಇವರು 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕ್ವೇಕರ್ ಪಂಥದ ಮನೆತನವೊಂದರಲ್ಲಿ ಜನಿಸಿದರು. ವರ್ತಕರಾದ ತಂದೆಗೆ ಮಗನು ವ್ಯಾಪಾರಿಯಾಗಬೇಕೆಂಬ ಇಷ್ಟ. ಮಗನಿಗಾದರೋ ವಿದ್ಯೆಯ ಹಂಬಲ. ಒಮ್ಮೆ ತಂದೆಯ ದಂಡನೆಯಿಂದ ನೊಂದ ಬಾಲಕನು ಮನೆಯನ್ನು ತೊರೆದು ಬರ್ಲಿಂಗ್ಟನ್ ಪಟ್ಟಣದ ವಸತಿಶಾಲೆಯೊಂದನ್ನು ಸೇರಿ ಓದತೊಡಗಿದನು. ಮುಂದೆ ಮರ್ರೆಯವರು ನ್ಯೂಯಾರ್ಕಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು ವಕೀಲರಾದರು. 1767ರಲ್ಲಿ ಹ್ಯಾನಾ ಡಾಬ್ಸನ್ ಎಂಬಾಕೆಯನ್ನು ವಿವಾಹವಾದರು. ಬಳಿಕ ವ್ಯಾಪಾರದಲ್ಲಿಯೂ ಧನವಂತರಾದರು. ಆದರೆ ಸ್ನಾಯುಗಳ ಬಲವು ಕುಂದುತ್ತ ಬಂದುದರಿಂದ, ಹವೆಯ ಬದಲಾವಣೆಗಾಗಿ 1784ರಲ್ಲಿ ಇಂಗ್ಲೆಂಡಿಗೆ ಹೋಗಿ, ಯಾರ್ಕ್ ನಗರದ ಬಳಿಯ ಹೋಲ್ಗೇಟಿನಲ್ಲಿ ನೆಲಸಿದರು. ಅಲ್ಲಿಯೂ ಕಾಲುಗಳಿಗೆ ಶಕ್ತಿ ಮರಳಲಿಲ್ಲ.

ಯಾರ್ಕಿನಲ್ಲಿ ಕ್ವೇಕರರು 1785ರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿದ್ದರು. ಅಲ್ಲಿನ ತರುಣ ಉಪಾಧ್ಯಾಯಿನಿಯರು ಮರ್ರೆಯವರ ಮನೆಗೆ ಬಂದು ವ್ಯಾಕರಣದ ಪಾಠ ಹೇಳಿಸಿಕೊಳ್ಳುತ್ತಿದ್ದರು. ತಮ್ಮ ವಿದ್ಯಾರ್ಥಿನಿಯರಿಗೆ ತಕ್ಕ ಪುಸ್ತಕವೊಂದನ್ನು ಬರೆದುಕೊಡಬೇಕೆಂದು ಅವರು ಬೇಡಿಕೊಂಡರು. ನಡೆಯಲಾರದ ಆ ಮಹನೀಯರು ಕುಳಿತಲ್ಲಿಯೇ ಅದನ್ನು ರಚಿಸಿದರು. 1795ರಲ್ಲಿ ಅದು ಅಚ್ಚಾಯಿತು. 1797ರಲ್ಲಿ ಅಭ್ಯಾಸಪುಸ್ತಕವೂ ಹೊರಬಂದಿತು. ಲೌತ್ ಮೊದಲಾದ ಹಿಂದಿನ ಪಂಡಿತರ ಗ್ರಂಥಗಳಿಂದ ಸಾರವನ್ನು ಆಯ್ದುಕೊಂಡಿದ್ದ ಅವರು ತಮ್ಮನ್ನು ಸಂಗ್ರಹಕಾರರೆಂದೇ ಹೇಳಿಕೊಂಡರು.

ಅವರ ವಾಕ್ಯಪ್ರಕರಣದ ಮೊದಲನೆಯ ನಿಯಮವೇ ಕ್ರಿಯಾಪದವು ವಚನ ಪುರುಷಗಳಲ್ಲಿ ಕರ್ತೃವನ್ನು ಅನುಸರಿಸಬೇಕೆಂಬುದು. ಕನ್ನಡದಲ್ಲಿ ಹುಡುಗಿ ಓದುತ್ತಾಳೆ, ಹುಡುಗಿಯರು ಓದುತ್ತಾರೆ ಎಂಬಲ್ಲಿ ಕ್ರಿಯಾಪದವೇ ಎಲ್ಲವನ್ನೂ ಸಾರುತ್ತದೆ. ಇಂಗ್ಲೀಷಿನಲ್ಲಾದರೋ ವರ್ತಮಾನಕಾಲದ ಹೆಚ್ಚಿನ ಕ್ರಿಯಾಪದಗಳಲ್ಲಿ ಭೇದವೆಲ್ಲ ಎಸ್ ಎಂಬ ಒಂದಕ್ಷರದಲ್ಲಿ ಅಡಗಿದೆ. ನಾಮಪದಕ್ಕೆ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಗರ್ಲ್ಸ್ ರೀಡ್, ದಿ ಗರ್ಲ್ ರೀಡ್ಸ್. ಹೂಗಳ ಬುಟ್ಟಿಯೊಂದು ಇದೆ ಎನ್ನುವಾಗ ಇಂಗ್ಲೀಷಿನಲ್ಲಿ ಹೂಗಳು ಕ್ರಿಯಾಪದದ ನೆರೆಯಲ್ಲಿ ನಿಂತು ಕಣ್ಣನ್ನು ಮೋಸಗೊಳಿಸುತ್ತವೆ. ಕರ್ತೃವು ಬುಟ್ಟಿಯೇ, ಆದುದರಿಂದ ಈಸ್ ಎಂದೇ ಹೇಳಬೇಕು. ಇಂಥ ನಿಯಮಗಳನ್ನು ಬಾಯಿಪಾಠ ಮಾಡಿದರೆ ಸಾಲದೆಂದು ಮರ್ರೆಯವರು ಬಲ್ಲರು. ಆದಕಾರಣ ತಪ್ಪು ವಾಕ್ಯಗಳನ್ನು ಸಾಲುಸಾಲಾಗಿ ಕೊಟ್ಟು, ವಿದ್ಯಾರ್ಥಿನಿಯು ತಾನೇ ಕರ್ತೃವನ್ನು ಹುಡುಕಿ ತಿದ್ದುವಂತೆ ಮಾಡಿದರು.

ಪುಸ್ತಕಗಳು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮತ್ತೆ ಮತ್ತೆ ಅಚ್ಚಾದವು. ಅವುಗಳಿಂದ ಬಂದ ಹಣವನ್ನು ಮರ್ರೆಯವರು ಧರ್ಮಕಾರ್ಯಗಳಿಗೆ ವಿನಿಯೋಗಿಸಿದರು. ಕೊನೆಯ ವರ್ಷಗಳಲ್ಲಿ ಮನೆಯಿಂದ ಹೊರಡಲಾರದವರಾಗಿ, 1826ರಲ್ಲಿ ದೈವಾಧೀನರಾದರು. ದಾಸ್ಯದಲ್ಲಿದ್ದ ನೀಗ್ರೋ ಜನರ ಬಿಡುಗಡೆಗೂ ಅವರ ಸಂತತಿಯ ವಿದ್ಯಾಭ್ಯಾಸಕ್ಕೂ ನೆರವಾಗುವಂತೆ ಉಯಿಲಿನಲ್ಲಿ ಏರ್ಪಾಡು ಮಾಡಿದ್ದರು.

ಹೋಲ್ಗೇಟಿನ ತೋಟದಲ್ಲಿದ್ದ ಅವರ ಚಿಕ್ಕ ಬೇಸಗೆಮನೆಯು ಈಗ ಯಾರ್ಕಿನ ಮೌಂಟ್ ಶಾಲೆಯ ಆವರಣದಲ್ಲಿ ನಿಂತಿದೆ. ಉಪಾಧ್ಯಾಯಿನಿಯರ ಬೇಡಿಕೆಯನ್ನು ಅವರ ಮುಂದೆ ತಂದ ಆ ಹಳೆಯ ಶಾಲೆಯ ಪರಂಪರೆಯನ್ನು ಮುಂದುವರಿಸಿದ ಶಾಲೆಯು ಇದೇ.