ಕಾಣೆಯಾದ ಗ್ರಹವೂ ಕೂಲಿಕಾರನ ಮಗನೂ

ವಿದ್ಯೆಯು ಯಾವ ಮನೆತನದ ಸ್ವತ್ತೂ ಅಲ್ಲವೆಂಬುದಕ್ಕೆ ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸನ ಬಾಳೇ ಸಾಕ್ಷಿ. ಆತನು ಬ್ರೌನ್‌ಷ್ವೈಗ್ ಪಟ್ಟಣದಲ್ಲಿ 1777ನೆಯ ಇಸವಿಯಲ್ಲಿ ಜನಿಸಿದನು. ತಂದೆ ಗಾರೆ ಕೆಲಸ, ತೋಟದ ಕೆಲಸ ಮಾಡಿ ಸಂಸಾರ ಸಾಗಿಸುತ್ತಿದ್ದನು. ತಾಯಿ ಡೊರೊತಿಯಾಗೆ ಬರೆಯಲು ಬಾರದು. ಮಗ ಹುಟ್ಟಿದ ತಾರೀಖನ್ನು ಆಕೆ ಗುರುತುಮಾಡಿ ಇಟ್ಟಿರಲಿಲ್ಲ. ಈಸ್ಟರಿನ ಬಳಿಕ ಬರುವ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರವೆಂಬುದಷ್ಟೇ ಆಕೆಗೆ ನೆನಪು. ಮುಂದೆ ಮಗನೇ ಈಸ್ಟರ್ ಬೀಳುವ ದಿನವನ್ನು ಕಂಡುಹಿಡಿಯುವ ಸೂತ್ರವನ್ನು ರಚಿಸಿ, ತಾನು ಹುಟ್ಟಿದ್ದು ಏಪ್ರಿಲ್ 30ರಂದು ಎಂದು ಗೊತ್ತುಮಾಡಿಕೊಂಡನು!

ಮಗನೂ ಒಂದು ಕಸುಬು ಹಿಡಿಯಲೆಂದು ತಂದೆಯ ಎಣಿಕೆ. ಆದರೆ ಶಾಲೆಯ ಉಪಾಧ್ಯಾಯರು ಹುಡುಗನ ಕುಶಾಗ್ರಬುದ್ಧಿಯನ್ನು ಗುರುತಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಬ್ರೌನ್‌ಷ್ವೈಗಿನ ದೊರೆಯ ಧನಸಹಾಯ ದೊರೆಯಿತು. 1795ರಲ್ಲಿ ಆತನು ಗ್ಯೊಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು.

1801ನೆಯ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬ ಖಗೋಳಜ್ಞನು ಹೊಸದೊಂದು ಚುಕ್ಕಿಯನ್ನು ಕಂಡನು. ಅದು ನಕ್ಷತ್ರಗಳ ನಡುವೆ ದಿನದಿನವೂ ಜಾಗ ಬದಲಿಸುತ್ತಿತ್ತು. ಅದೇ ಸೀರಿಸ್. ಮೊದಲು ಗ್ರಹವೆಂದು, ಬಳಿಕ ಕ್ಷುದ್ರಗ್ರಹವೆಂದು ಹೆಸರಾದ ಅದನ್ನು 2006ರಿಂದ ಕುಬ್ಜಗ್ರಹವೆಂದು ಕರೆಯುತ್ತಾರೆ. ಫೆಬ್ರವರಿ 11ರವರೆಗೆ ಮಾತ್ರ ಅದನ್ನು ನೋಡಲು ಸಾಧ್ಯವಾಯಿತು. ಅನಂತರ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಮತ್ತೆ ಅದನ್ನು ಎಲ್ಲಿ ಹುಡುಕುವುದು?

ಸಮಸ್ಯೆ ಸಾಮಾನ್ಯವಾದುದಲ್ಲ. ನೋಡುವವರಿಗೆ ತಿಳಿದದ್ದು ಚುಕ್ಕಿಯ ದಿಕ್ಕು ಮಾತ್ರ, ದೂರವಲ್ಲ. ನೋಡುವ ನೆಲವಾದ ಭೂಮಿಯೂ ಚಲಿಸುತ್ತಲೇ ಇರುತ್ತದೆ. ಆಕಾಶದಲ್ಲಿ ಕೆಲವೇ ಅಂಶಗಳಷ್ಟು ಸರಿದ ಆ ತುಣುಕು ಹಾದಿಯಿಂದ ಸೂರ್ಯನನ್ನು ಸುತ್ತುವ ಇಡೀ ದೀರ್ಘವೃತ್ತವನ್ನು ಕಟ್ಟಬೇಕಾಗಿತ್ತು. ಇಪ್ಪತ್ತನಾಲ್ಕರ ಗೌಸನು ಈ ಕಾರ್ಯಕ್ಕೆ ಕುಳಿತನು. ಆತನು ಹೇಳಿದ ಸ್ಥಳವು ಇತರರು ಊಹಿಸಿದ್ದಕ್ಕಿಂತ ಬಹಳ ದೂರವಿತ್ತು. ಲೆಕ್ಕ ತಪ್ಪಿದ್ದರೆ ಹೆಸರಿಗೆ ಕಳಂಕ ತಪ್ಪುತ್ತಿರಲಿಲ್ಲ. ಆದರೆ ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಫಾನ್ ಜಾಕ್, ಮರುದಿನವೇ ಓಲ್ಬರ್ಸ್, ಗೌಸನು ಸೂಚಿಸಿದ ಕಡೆಯಲ್ಲೇ ಸೀರಿಸನ್ನು ಕಂಡರು.

1807ರಲ್ಲಿ ಗೌಸನು ಗ್ಯೊಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾದನು. 1809ರಲ್ಲಿ ತನ್ನ ವಿಧಾನವನ್ನು ಲ್ಯಾಟಿನ್ ಗ್ರಂಥವೊಂದರಲ್ಲಿ ಪ್ರಕಟಿಸಿದನು. ಮುಪ್ಪಿನ ತಾಯಿಯನ್ನು ತನ್ನ ಮನೆಗೇ ಕರೆತಂದು, 1839ರಲ್ಲಿ ಆಕೆ ತೀರಿಕೊಳ್ಳುವವರೆಗೂ ನೋಡಿಕೊಂಡನು. 1855ರ ಫೆಬ್ರವರಿ 23ರಂದು ಆತನೂ ಕಣ್ಮುಚ್ಚಿದನು.

ಆತನು ತೋರಿದ ದಾರಿ ಮಾತ್ರ ಮುಗಿಯಲಿಲ್ಲ. 2004ರ ಜೂನಿನಲ್ಲಿ ಭೂಮಿಯ ಸಮೀಪಕ್ಕೆ ಬರುವ ಅಪೋಫಿಸ್ ಎಂಬ ಕ್ಷುದ್ರಗ್ರಹವು ಎರಡೇ ರಾತ್ರಿ ಕಾಣಿಸಿ, ಸೀರಿಸಿನಂತೆಯೇ ಕಾಣೆಯಾಯಿತು. ಡಿಸೆಂಬರಿನಲ್ಲಿ ಮತ್ತೆ ಸಿಕ್ಕಾಗ, 2029ರಲ್ಲಿ ಅದು ಭೂಮಿಗೆ ಬಡಿಯಬಹುದೆಂಬ ಭೀತಿ ಹುಟ್ಟಿತು. ಹೆಚ್ಚು ವೀಕ್ಷಣೆಗಳನ್ನು ಕೂಡಿಸಿ ಕಕ್ಷೆಯನ್ನು ತಿದ್ದಿ ಎಣಿಸಿದಾಗ ಆ ಭೀತಿ ಅಳಿಯಿತು. 2029ರ ಏಪ್ರಿಲ್ 13ರಂದು ಅದು ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವುದೆಂದು ಲೆಕ್ಕ ಹೇಳುತ್ತದೆ. ಕೆಲವೇ ವೀಕ್ಷಣೆಗಳಿಂದ ಕಕ್ಷೆಯನ್ನು ಕಟ್ಟುವ ಈ ವಿದ್ಯೆಗೆ ಗೌಸನೇ ಭದ್ರವಾದ ಬುನಾದಿ ಹಾಕಿದವನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ಮಹನೀಯನ ಗಣಿತವು ನನಗೆ ಪೂರ್ಣ ಅರ್ಥವಾಗದಿದ್ದರೂ ಆತನ ತಾಯಿಯ ಆ ಬುಧವಾರದ ನೆನಪು ಚೆನ್ನಾಗಿ ಅರ್ಥವಾಗುತ್ತದೆ. ಸಿಕ್ಕ ಅಲ್ಪವನ್ನೇ ಜತನವಾಗಿ ಹಿಡಿದು, ಅದರಿಂದ ಮುಂದಿನ ಹಾದಿಯನ್ನು ಎಣಿಸಿಕೊಳ್ಳುವುದನ್ನು ನಮ್ಮಂಥ ವಿದ್ಯಾರ್ಥಿಗಳು ಆತನಿಂದ ಕಲಿಯಬೇಕು.