ಬರ್ಡನ್ನನ ಎರಡು ತೂತು

ಹೈರಮ್ ಬರ್ಡನ್ ಹುಟ್ಟಿದ್ದು 1824ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವನೇ ಅನ್ನಿ! ಜೊತೆಗೆ ಭಾರಿ ಗುರಿಕಾರ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಹಸಿರು ಸಮವಸ್ತ್ರದ ಗುರಿಕಾರರ ಪಡೆ ಕಟ್ಟಿದ.

ಆದ್ರೆ ಹೆಸರು ಉಳಿದದ್ದು ತೋಟಾದ ತಳದಲ್ಲಿ. ಮದ್ದಿಗೆ ಕಿಡಿ ಕೊಡುವ ಪ್ರೈಮರಿಗೆ 1866ರಲ್ಲಿ ಪೇಟೆಂಟ್ ಪಡೆದ. ಬರ್ಡನ್ ತೋಟಾದಲ್ಲಿ ಪ್ರೈಮರ್ ಬಡಿಸಿಕೊಳ್ಳುವ ಅಡಿಗಲ್ಲು ಹಿತ್ತಾಳೆ ಕೇಸಿನಲ್ಲೇ ಇರುತ್ತೆ. ಕಿಡಿ ಹೋಗೋಕೆ ಅದರ ಪಕ್ಕ ಸಾಮಾನ್ಯವಾಗಿ ಎರಡು ಸಣ್ಣ ತೂತು. ಅದೇ ವರ್ಷ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಅಡಿಗಲ್ಲನ್ನು ಪ್ರೈಮರಿನೊಳಗೇ ಇಟ್ಟ. ನಡುವೆ ಒಂದೇ ತೂತು.

ಖಾಲಿ ತೋಟಾಗಳನ್ನ ಮನೇಲೇ ಮತ್ತೆ ತುಂಬಿಸೋ ಅಮೆರಿಕನ್ನರಿಗೆ ಹಿಡಿಸಿದ್ದು ಬಾಕ್ಸರನದು. ಒಳಗಿಂದ ಒಂದು ಸೂಜಿ ತಳ್ಳಿದರೆ ಹಳೇ ಪ್ರೈಮರ್ ಹೊರಗೆ! ಪಾಪ, ಬರ್ಡನ್ನನದು ಯುರೋಪಿನ ಪಾಲಾಯ್ತು. ರಷ್ಯಾ ಸೇನೆಗೆ ಅವನ ಬಂದೂಕೂ ಹೋಯ್ತು. 1893ರಲ್ಲಿ ತೀರಿಕೊಂಡ, ಸಮಾಧಿ ಆರ್ಲಿಂಗ್ಟನ್‌ನಲ್ಲಿದೆ.